ಮನೆಯ ಗಣಕದೊಳಗೊಂದು ಕನ್ನಡ ಗಣಕ

(ಗೆಟ್ಟವಾಡಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪೋಷಕರ ಮುಂದೆ ಮಾಡಿದ ಭಾಷಣದ ಪಠ್ಯ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಮಾತಾಗುವುದು ಶಿಕ್ಷಕರ ಹುದ್ದೆಗಳ ಬಗ್ಗೆ, ಪಠ್ಯಪುಸ್ತಕಗಳ ಬಗ್ಗೆ, ಹತ್ತನೆಯ ತರಗತಿಯ ತಮಿಳು ಪತ್ರಿಕೆಯ ಬಗ್ಗೆ. ಅವೆಲ್ಲ ಮುಖ್ಯವಾದ ಸಂಗತಿಗಳೇ. ಆದರೆ ಇಂದು ನಾನು ಮನವಿ ಬರೆಯದೆ, ಯಾವ ಕಛೇರಿಯ ಬಾಗಿಲಿಗೂ ಹೋಗದೆ, ನಮ್ಮ ನಮ್ಮ ಮನೆಯಲ್ಲಿ ಕುಳಿತು ಮಾಡಿಕೊಳ್ಳಬಹುದಾದ ಒಂದು ಕೆಲಸದ ಬಗ್ಗೆ ಹೇಳಲು ಬಂದಿದ್ದೇನೆ. ಅದು ಮನೆಯಲ್ಲಿರುವ ಗಣಕಯಂತ್ರದ, ಅಂದರೆ ಕಂಪ್ಯೂಟರಿನ ವಿಷಯ.

ಹಕ್ಕಿನ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ವಿಧಿ ಹುಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕು ಎಂಬುದು ಅದರ ಸಾರ. ಆ ವಿಧಿಯನ್ನು ಬರೆದ ಕಾಲಕ್ಕೆ ಕಲಿಕೆಯ ಸಾಧನಗಳೆಂದರೆ ಕಪ್ಪು ಹಲಗೆ, ಸ್ಲೇಟು, ಪುಸ್ತಕ. ಮನೆಯ ಮೇಜಿನ ಮೇಲಿರುವ ಲ್ಯಾಪ್‌ಟಾಪು ಮಗುವಿಗೆ ಯಾವ ಭಾಷೆಯಲ್ಲಿ ಕಾಣಿಸಿಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವವರು ನೀವೇ.

ತಮಿಳುನಾಡು ಸರ್ಕಾರ 2011ರಲ್ಲಿ ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿದ ಮೇಲೆ ಹನ್ನೆರಡನೆಯ ತರಗತಿ ಓದಿದ ಅಣ್ಣನಿಗೋ ಅಕ್ಕನಿಗೋ ಬಂದ ಯಂತ್ರ ಕೆಲವರ ಮನೆಯಲ್ಲಿದೆ. ಇನ್ನು ಕೆಲವರು ಚಾಮರಾಜನಗರದಲ್ಲೋ ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಸೆಕೆಂಡ್‌ಹ್ಯಾಂಡ್ ನೋಡಿ ತಂದಿದ್ದೀರಿ. ಯಂತ್ರ ಒಂದೇ, ಕೈಗಳು ಹಲವು. ಕಾಲೇಜಿಗೆ ಹೋಗುವ ಮಗಳ ಪ್ರಾಜೆಕ್ಟು ಅದರಲ್ಲಿದೆ. ಬ್ಯಾಂಕಿನ ಕಾಗದ, ಜಮೀನಿನ ಪಟ್ಟಾದ ನಕಲು ಅದರಲ್ಲಿದೆ. ಆರನೆಯ ತರಗತಿಯ ಚಿಕ್ಕವನು ಹತ್ತಿರ ಬಂದರೆ "ಮುಟ್ಟಬೇಡ, ಕೆಟ್ಟು ಹೋಗುತ್ತೆ" ಎನ್ನುತ್ತೀರಿ. ಆ ಮಾತಿನಲ್ಲಿ ತಪ್ಪು ಹುಡುಕಲಾರೆ. ಕೆಟ್ಟರೆ ಧಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೊತ್ತುಕೊಂಡು ಹೋಗಬೇಕಾದವರು ನೀವು.

ಇದು ಒಂದು ಅಡ್ಡಿ. ಎರಡನೆಯದು ಇದಕ್ಕಿಂತ ದೊಡ್ಡದು. ಪರದೆಯ ಮೇಲೆ ಬರುವುದೆಲ್ಲ ಇಂಗ್ಲಿಷು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ತಾಯಿ ಮಗುವಿನ ವಿಜ್ಞಾನದ ಪುಸ್ತಕವನ್ನು ತಾವೇ ಓದಿ, ಪಾಠ ಕೇಳಿ ಒಪ್ಪಿಸಿಕೊಳ್ಳಬಲ್ಲರು. ಅದೇ ಮಗು ಗಣಕದ ಮುಂದೆ ಕುಳಿತಾಗ ಅದು ಓದುತ್ತಿದೆಯೋ ಆಟವಾಡುತ್ತಿದೆಯೋ ಎಂಬುದು ತಿಳಿಯದೆ ಆ ತಾಯಿ ದೂರ ನಿಲ್ಲುತ್ತಾರೆ. ಪಾಠ ಕನ್ನಡದಲ್ಲಿ ಇದ್ದುದರಿಂದಲೇ ಮಗುವಿನ ಪಕ್ಕದಲ್ಲಿ ಕೂರುವ ಅಧಿಕಾರ ಅವರಿಗೆ ಇತ್ತು. ಯಂತ್ರ ಮನೆಗೆ ಬಂದ ದಿನ ಆ ಅಧಿಕಾರ ಕೈತಪ್ಪಿತು. ನಾನು ಇಂದು ಹೇಳುವ ಕೆಲಸದ ಉದ್ದೇಶ ಅದನ್ನು ಮರಳಿ ಪಡೆಯುವುದು.

ಈ ಎರಡೂ ಅಡ್ಡಿಗಳಿಗೆ ಒಂದೇ ಉಪಾಯವಿದೆ. ವರ್ಚುಯಲ್ ಮಷೀನ್ ಎಂದು ಅದರ ಹೆಸರು. ಮಾತಿನ ಸಲೀಸಿಗೆ ನಾನು ಅದನ್ನು ಒಳಗಣಕ ಎನ್ನುತ್ತೇನೆ. ನೀವು ಕೊಂಡು ತಂದ ಯಂತ್ರ ಹೊರಗಣಕ. ಹೊರಗಣಕದಲ್ಲಿ ಒಂದು ತಂತ್ರಾಂಶ ಹಾಕಿಕೊಂಡರೆ, ಅದರ ಕಿಟಕಿಯೊಳಗೆ ಇನ್ನೊಂದು ಪೂರ್ಣ ಗಣಕ ತೆರೆದುಕೊಳ್ಳುತ್ತದೆ. ಅದಕ್ಕೆ ಅದರದೇ ಪರದೆ, ಅದರದೇ ಕಡತಗಳು, ಅದರದೇ ಪಾಸ್‌ವರ್ಡು. ಆ ಒಳಗಣಕದ ಇಡೀ ಡಿಸ್ಕು ಹೊರಗಣಕದ ಪಾಲಿಗೆ ಒಂದು ದೊಡ್ಡ ಕಡತ ಮಾತ್ರ. ಮಗು ಒಳಗೆ ಏನನ್ನಾದರೂ ಅಳಿಸಲಿ, ತಲೆಕೆಳಗೆ ಮಾಡಲಿ, ನಿಮ್ಮ ಪಟ್ಟಾದ ನಕಲಿಗೂ ಮಗಳ ಪ್ರಾಜೆಕ್ಟಿಗೂ ಸೋಂಕದು.

ಉಪಾಯ ಹೊಸದಲ್ಲ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿಯವರು ಒಂದು ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ, ತಮಗೇ ಒಂದೊಂದು ಯಂತ್ರವಿದೆ ಎಂಬಂತೆ ಬಳಸಲು ಇದನ್ನು ಕಂಡುಕೊಂಡರು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳಿಗೂ ಕೊಟ್ಟರು. ಯಂತ್ರ ದುಬಾರಿ, ಬಳಸುವವರು ಹಲವರು: ಅಂದಿನ ಅವರ ತೊಂದರೆಯೇ ಇಂದು ನಿಮ್ಮ ಮನೆಯ ತೊಂದರೆ.

ಒಳಗಣಕವನ್ನು ಬರಿಯ ನೆಲದಿಂದ ಕಟ್ಟುತ್ತಾ ಹೋದರೆ ಅರ್ಧ ದಿನದ ಕೆಲಸ, ಅನುಭವವೂ ಬೇಕು. ಪ್ರತಿ ಮನೆಯವರೂ ಅದನ್ನು ಮಾಡಬೇಕಾಗಿಲ್ಲ. ನೀವು ಕೋಸಿಗೋ ಟೊಮೇಟೊಗೋ ಈಗ ಬೀಜ ಚೆಲ್ಲಿ ಮಡಿ ಮಾಡುತ್ತಾ ಕೂರುತ್ತೀರಾ? ನರ್ಸರಿಯಿಂದ ಟ್ರೇಯಲ್ಲಿ ಬೆಳೆದ ಸಸಿ ತಂದು ನೆಡುತ್ತೀರಿ. ಹಾಗೆಯೇ ಒಬ್ಬರು ಒಮ್ಮೆ ಎಲ್ಲವನ್ನೂ ಸಿದ್ಧಪಡಿಸಿ, ಒಂದೇ ಕಡತವಾಗಿ ಕಟ್ಟಿ ಇಡಬಹುದು. ಆ ಕಡತದ ಹೆಸರಿನ ಕೊನೆಗೆ ಓ-ವಿ-ಎ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಂಡು ಹೋಗಿ ಮನೆಯಲ್ಲಿ ನೆಟ್ಟರಾಯಿತು. ಇಂಟರ್ನೆಟ್ಟು ಸರಿಯಾಗಿ ಸಿಗದ ಮನೆಗೂ ಇದು ಒದಗುತ್ತದೆ ಎಂಬುದು ನಮ್ಮ ಬೆಟ್ಟದ ಊರುಗಳಿಗೆ ಸಣ್ಣ ಅನುಕೂಲವಲ್ಲ.

ಕಟ್ಟುವವರು ಯಾರು ಎಂದು ಕೇಳುತ್ತೀರಿ. ನಮ್ಮ ಶಾಲೆಗಳಲ್ಲೇ ಓದಿ ಈಗ ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಯುತ್ತಿರುವ ಹುಡುಗ ಹುಡುಗಿಯರು ಯಾವ ಊರಿನಲ್ಲಿ ಇಲ್ಲ? ಶಿಕ್ಷಕರೊಬ್ಬರು, ಅಂಥ ಇಬ್ಬರು ವಿದ್ಯಾರ್ಥಿಗಳು, ಒಂದು ರಜೆಯ ದಿನ, ಇಷ್ಟು ಸಾಕು. ಮಾದರಿಗೆ ದೂರ ಹೋಗಬೇಕಾಗಿಲ್ಲ. ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಕ್ಕಳನ್ನು ನೋಡಿ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ 2017ರಿಂದ ಕೈಟ್ ಎಂಬ ಸಂಸ್ಥೆಯಾಗಿದೆ. ಅವರು ಉಬುಂಟು ಆಧಾರದ ಮೇಲೆ ಶಾಲೆಗಳಿಗೆಂದೇ ಒಂದು ಲಿನಕ್ಸ್ ವ್ಯವಸ್ಥೆಯನ್ನು ಸಿದ್ಧಪಡಿಸಿ ಉಚಿತವಾಗಿ ಕೊಡುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಮಾಹಿತಿ ತಂತ್ರಜ್ಞಾನದ ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದುತ್ತದೆ. ಗಣಕದ ಪಾಠಕ್ಕೆ ಇಂಗ್ಲಿಷೇ ಬೇಕು ಎನ್ನುವವರಿಗೆ ಇದನ್ನು ತೋರಿಸಿ.

ಇನ್ನು ಆ ಒಳಗಣಕದಲ್ಲಿ ಏನೇನು ಇರಬೇಕು? ಮೊದಲನೆಯದಾಗಿ ಲಿನಕ್ಸೇ ಇರಲಿ. ಅದು ಉಚಿತ, ನಕಲು ಮಾಡಿ ಹತ್ತು ಮನೆಗೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ವಿಂಡೋಸನ್ನು ಹೀಗೆ ಕಟ್ಟಿ ಹಂಚುವುದು ಲೈಸೆನ್ಸಿಗೆ ವಿರುದ್ಧ. ಆ ಗೋಜಿಗೆ ಹೋಗುವುದು ಬೇಡ. ಪರದೆಯ ಮಾತೆಲ್ಲ ಕನ್ನಡದಲ್ಲಿರಬೇಕು. ಬರವಣಿಗೆಗೆ ಲಿಬ್ರೆ ಆಫೀಸ್, ಇಂಟರ್ನೆಟ್ಟಿಗೆ ಫೈರ್‌ಫಾಕ್ಸ್, ಎರಡಕ್ಕೂ ಕನ್ನಡ ಅನುವಾದವಿದೆ. ಅವೆಲ್ಲ ಸ್ವಯಂಸೇವಕರು ವರ್ಷಗಟ್ಟಲೆ ಕುಳಿತು ಮಾಡಿದ ಕೆಲಸ. ಕೆಲವು ಪದಗಳು ಮೊದಲಿಗೆ ನಗು ತರಿಸುತ್ತವೆ, ಅನುವಾದ ಅಲ್ಲಲ್ಲಿ ಅರೆಬರೆಯಾಗಿಯೂ ಇದೆ. ಆದರೂ "ಕಡತ", "ಉಳಿಸು", "ಮುಚ್ಚು" ಎಂದು ಬರೆದಿದ್ದರೆ ಪಕ್ಕದಲ್ಲಿ ಕುಳಿತ ತಾಯಿಗೆ ಅರ್ಥವಾಗುತ್ತದೆ. ನಮಗೆ ಬೇಕಾದದ್ದು ಅದೇ.

ಇಂಟರ್ನೆಟ್ಟಿಲ್ಲದೆ ಓದಲು ಕಿವಿಕ್ಸ್ ಎಂಬ ತಂತ್ರಾಂಶವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದೇ ಕಡತದಲ್ಲಿ ಇಳಿಸಿಕೊಂಡು ಅದರಲ್ಲಿ ಓದಬಹುದು. ಪದದ ಅರ್ಥಕ್ಕೆ ಅಲರ್ ನಿಘಂಟು ಇದೆ: ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ. 2019ರಲ್ಲಿ ಅದು ಮುಕ್ತವಾಗಿ ಪ್ರಕಟವಾಯಿತು. ಇವುಗಳ ಜೊತೆಗೆ ತಮಿಳುನಾಡಿನ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳ ಪಿಡಿಎಫ್ ಪ್ರತಿಗಳನ್ನು ತರಗತಿವಾರು ಜೋಡಿಸಿ ಇಟ್ಟರೆ ಮನೆಗೊಂದು ಪುಟ್ಟ ಗ್ರಂಥಾಲಯ ಬಂದಂತೆ.

ಕೀಲಿಮಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಸ್ಥಿತಿ ಬೆಂಗಳೂರಿನವರಿಗಿಂತ ಬೇರೆ. ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಗಪ ವಿನ್ಯಾಸ, ಕೆ.ಪಿ. ರಾವ್ ಅವರ ಯೋಚನೆಯಿಂದ ಬಂದದ್ದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದದ್ದು. ಇಂಗ್ಲಿಷ್ ಅಕ್ಷರ ಗೊತ್ತಿದ್ದವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಲಿನಕ್ಸಿನಲ್ಲಿಯೂ ಅದು ಸಿಗುತ್ತದೆ. ಆದರೆ ನನ್ನ ಮತ ಇನ್‌ಸ್ಕ್ರಿಪ್ಟ್ ಕಡೆಗೆ. ಇದು ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಮಾಡಿದ ವಿನ್ಯಾಸ. ಕನ್ನಡದ ಕ ಯಾವ ಕೀಲಿಯಲ್ಲಿದೆಯೋ ತಮಿಳಿನ ಕ ಕೂಡ ಅದೇ ಕೀಲಿಯಲ್ಲಿದೆ, ಹಿಂದಿಯದೂ ಅಲ್ಲೇ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ, ಕಲಿಯಲಿ. ನಮ್ಮ ಜಗಳ ತಮಿಳಿನ ಜೊತೆ ಎಂದೂ ಅಲ್ಲ. ಒಮ್ಮೆ ಬೆರಳು ಪಳಗಿದರೆ ಎರಡೂ ಭಾಷೆಗೆ ಒದಗುವ ವಿನ್ಯಾಸವನ್ನು ಬಿಟ್ಟು ಬೇರೆಯದನ್ನು ಏಕೆ ಕಲಿಸಬೇಕು? ತಮಿಳುನಾಡಿನಲ್ಲಿ ತಮಿಳು99 ಎಂಬ ಬೇರೆ ವಿನ್ಯಾಸವೂ ರೂಢಿಯಲ್ಲಿದೆ. ಮೂರನ್ನೂ ಹಾಕಿಟ್ಟು, ಬೇಕಾದುದನ್ನು ಆರಿಸಿಕೊಳ್ಳುವ ಗುಂಡಿಯನ್ನು ಪರದೆಯ ಮೂಲೆಯಲ್ಲಿ ಇಟ್ಟರೆ ವಾದವೇ ಬೇಕಿಲ್ಲ. ಒಂದು ಷರತ್ತು ಮಾತ್ರ: ಬರೆದದ್ದೆಲ್ಲ ಯೂನಿಕೋಡಿನಲ್ಲಿರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದನ್ನು ಶಿಕ್ಷಕರೆಲ್ಲ ಕಂಡಿದ್ದಾರೆ.

ಇಲ್ಲೊಂದು ಮಾತು. ನಿಮಗೆ ಬೇಕಾದದ್ದು ಕನ್ನಡದಲ್ಲಿ ಟೈಪು ಮಾಡುವುದಷ್ಟೇ ಆದರೆ ಇಷ್ಟೆಲ್ಲ ಬೇಡ. ವಿಂಡೋಸಿನಲ್ಲಿಯೇ ಕನ್ನಡ ಕೀಲಿಮಣೆ ಇದೆ, ಭಾಷೆಯ ಸೆಟ್ಟಿಂಗಿನಲ್ಲಿ ಸೇರಿಸಿಕೊಂಡರೆ ಮುಗಿಯಿತು. ಒಳಗಣಕ ಬೇಕಾಗುವುದು ಮಗು ಹೆದರಿಕೆಯಿಲ್ಲದೆ ಕೈಯಾಡಿಸಲು, ಮತ್ತು ಎಲ್ಲ ಮನೆಗಳಲ್ಲೂ ಒಂದೇ ರೀತಿಯ ಪರದೆ ಇರಲು. ಶಿಕ್ಷಕರು "ಎಡಗಡೆ ಮೂರನೆಯ ಚಿತ್ರ ಒತ್ತಿ" ಎಂದರೆ ಅದು ಗೆಟ್ಟವಾಡಿಯಲ್ಲೂ ತಲಮಲೆಯಲ್ಲೂ ಅದೇ ಚಿತ್ರವಾಗಿರುತ್ತದೆ.

ಈಗ ನಿಮ್ಮ ಯಂತ್ರಕ್ಕೆ ಇದು ಒಗ್ಗುತ್ತದೆಯೇ ಎಂದು ನೋಡಿ. ಮುಖ್ಯವಾದದ್ದು ರ‍್ಯಾಮ್, ಅಂದರೆ ಯಂತ್ರದ ಕೆಲಸದ ನೆನಪು. 8 ಜಿಬಿ ಇದ್ದರೆ ಒಳಗಣಕಕ್ಕೆ 3 ಅಥವಾ 4 ಜಿಬಿ ಕೊಡಬಹುದು, ಆರಾಮವಾಗಿ ನಡೆಯುತ್ತದೆ. 4 ಜಿಬಿ ಇದ್ದರೆ 2 ಜಿಬಿ ಕೊಟ್ಟು, ಎಕ್ಸ್‌ಎಫ್‌ಸಿಇಯಂಥ ಹಗುರವಾದ ಮುಖಪರದೆ ಇರುವ ಲಿನಕ್ಸನ್ನು ಆರಿಸಬೇಕು. ನಡೆಯುತ್ತದೆ, ಆದರೆ ಎತ್ತಿನ ಗಾಡಿಯ ವೇಗ. ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ಹೊರಗಣಕವೇ ಉಸಿರು ಕಟ್ಟಿ ನಿಲ್ಲುತ್ತದೆ. 2 ಜಿಬಿಯ ಹಳೆಯ ಯಂತ್ರಕ್ಕೆ ಒಳಗಣಕದ ಆಸೆ ಬೇಡ. ಹಗುರವಾದ ಲಿನಕ್ಸನ್ನು ನೇರವಾಗಿ ಅದರಲ್ಲೇ ಹಾಕಿಸಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, 11ಕ್ಕೆ ಏರಲಾರದ ಯಂತ್ರಗಳಿಗೂ ನನ್ನ ಸಲಹೆ ಅದೇ. ಒಳಗಿನ ಗಣಕ ಎಷ್ಟೇ ಹೊಸದಾದರೂ ಹೊರಗಿನ ಮನೆಯ ಬಾಗಿಲು ಮುರಿದಿದ್ದರೆ ಕಳ್ಳ ಬರುತ್ತಾನೆ. ಡಿಸ್ಕಿನಲ್ಲಿ 25 ಜಿಬಿಯಾದರೂ ಖಾಲಿ ಜಾಗ ಇರಲಿ. ಮೊಬೈಲಿನಲ್ಲಿ ಇದು ಆಗುವುದಿಲ್ಲ.

ಬೇಕಾದ ತಂತ್ರಾಂಶ ವರ್ಚುಯಲ್‌ಬಾಕ್ಸ್. 2007ರಲ್ಲಿ ಜರ್ಮನಿಯ ಇನ್ನೊಟೆಕ್ ಎಂಬ ಕಂಪನಿ ಹೊರತಂದದ್ದು, ಈಗ ಒರಾಕಲ್ ಕಂಪನಿಯ ಕೈಯಲ್ಲಿದೆ. ಮೂಲ ತಂತ್ರಾಂಶ ಮುಕ್ತ, ಹಣ ಕೊಡಬೇಕಾಗಿಲ್ಲ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿ "ಎಕ್ಸ್‌ಟೆನ್ಷನ್ ಪ್ಯಾಕ್" ಎಂದು ಇನ್ನೊಂದು ಕಾಣುತ್ತದೆ. ಅದರ ಲೈಸೆನ್ಸು ಬೇರೆ, ನಮ್ಮ ಕೆಲಸಕ್ಕೆ ಬೇಕಾಗಿಯೂ ಇಲ್ಲ.

ಪೆನ್‌ಡ್ರೈವಿನ ಒಂದು ಕಾಟವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಿಂದ ತಂದ ಅನೇಕ ಪೆನ್‌ಡ್ರೈವುಗಳು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿರುತ್ತವೆ. 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಹೊರುವುದಿಲ್ಲ. 32 ಜಿಬಿ ಖಾಲಿಯಿದ್ದರೂ "ಕಡತ ತೀರಾ ದೊಡ್ಡದು" ಎಂದು ತಿರುಗಿಸಿ ಕಳಿಸುತ್ತದೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿ ತನ್ನಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವ ಮದುವೆಯ ಫೋಟೊಗಳೆಲ್ಲ ಹೋಗುತ್ತವೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಕೆಲಸ ಸರಳ. ಓವಿಎ ಕಡತವನ್ನು ಮೊದಲು ಗಣಕದ ಡಿಸ್ಕಿಗೆ ನಕಲು ಮಾಡಿ. ವರ್ಚುಯಲ್‌ಬಾಕ್ಸ್ ತೆರೆದು ಫೈಲ್ ಎಂಬ ಪಟ್ಟಿಯಲ್ಲಿ "ಇಂಪೋರ್ಟ್ ಅಪ್ಲೈಯನ್ಸ್" ಒತ್ತಿ, ಕಡತವನ್ನು ತೋರಿಸಿ. ಮುಂದಿನ ಪುಟದಲ್ಲಿ ರ‍್ಯಾಮ್ ಎಷ್ಟು, ಪ್ರೊಸೆಸರ್ ಎಷ್ಟು ಎಂದು ಇರುತ್ತದೆ. ಕಟ್ಟಿದವರು ತಮ್ಮ ಯಂತ್ರಕ್ಕೆ ತಕ್ಕಂತೆ ಬರೆದಿರುತ್ತಾರೆ, ನೀವು ನಿಮ್ಮ ಯಂತ್ರಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಕೊನೆಯ ಗುಂಡಿ ಒತ್ತಿ ಕಾಫಿ ಕುಡಿದು ಬನ್ನಿ. ಹಳೆಯ ಡಿಸ್ಕಾದರೆ ರಾತ್ರಿ ಊಟವನ್ನೂ ಮಾಡಿ ಬರಬಹುದು. ನಂತರ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ, "ಸ್ಟಾರ್ಟ್" ಒತ್ತಿದರೆ ಕನ್ನಡ ಪರದೆ ಬರುತ್ತದೆ.

ಬರಲಿಲ್ಲವೆಂದರೆ ಹತ್ತಕ್ಕೆ ಎಂಟು ಸಲ ಕಾರಣ ಒಂದೇ. ಒಳಗಣಕ ನಡೆಸಲು ಪ್ರೊಸೆಸರಿನಲ್ಲಿ ಒಂದು ಸೌಲಭ್ಯ ಇರುತ್ತದೆ, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಚ್ಚಿಟ್ಟಿರುತ್ತಾರೆ. ಯಂತ್ರ ಹೊತ್ತಿಸಿದ ಕೂಡಲೇ ಎಫ್2 ಅಥವಾ ಎಫ್10 ಅಥವಾ ಡಿಲೀಟ್ ಕೀಲಿ ಒತ್ತಿದರೆ (ಕಂಪನಿಗೊಂದು ಕೀಲಿ) ಬಯೋಸ್ ಎಂಬ ಪುಟ ತೆರೆಯುತ್ತದೆ. ಇಂಟೆಲ್ ಯಂತ್ರದಲ್ಲಿ "ವರ್ಚುಯಲೈಸೇಷನ್ ಟೆಕ್ನಾಲಜಿ", ಎಎಂಡಿ ಯಂತ್ರದಲ್ಲಿ "ಎಸ್‌ವಿಎಂ" ಎಂಬ ಸಾಲನ್ನು ಹುಡುಕಿ "ಎನೇಬಲ್ಡ್" ಮಾಡಿ, ಉಳಿಸಿ ಹೊರಬನ್ನಿ. ಆ ಪುಟದಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ. ಒಳಗಣಕ ಬಂತು ಆದರೆ ತೆವಳುತ್ತಿದೆ, ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಇದೆ ಎಂದರೆ, ವಿಂಡೋಸಿನ ಹೈಪರ್-ವಿ ಎಂಬ ಇನ್ನೊಂದು ವ್ಯವಸ್ಥೆ ದಾರಿಗೆ ಅಡ್ಡ ಕುಳಿತಿದೆ ಎಂದರ್ಥ. ಅದನ್ನು ತೆಗೆಯುವುದನ್ನು ತಿಳಿದವರ ಕೈಗೆ ಬಿಡಿ.

ಮೌಸು ಒಳಗಣಕದೊಳಗೆ ಸಿಕ್ಕಿಕೊಂಡು ಹೊರಗೆ ಬಾರದಿದ್ದರೆ ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿ, ಬಿಡುತ್ತದೆ.

ಮೊದಲ ದಿನವೇ ಎರಡು ಕೆಲಸ ಮಾಡಿ. ಕಟ್ಟಿದವರು ಕೊಟ್ಟ ಪಾಸ್‌ವರ್ಡು ಎಲ್ಲ ಮನೆಗೂ ಒಂದೇ ಆಗಿರುತ್ತದೆ, ಅದನ್ನು ಬದಲಿಸಿ. ಆಮೇಲೆ "ಸ್ನ್ಯಾಪ್‌ಶಾಟ್" ತೆಗೆಯಿರಿ. ಆ ಕ್ಷಣದಲ್ಲಿ ಒಳಗಣಕ ಹೇಗಿದೆಯೋ ಹಾಗೆಯೇ ನೆನಪಿಟ್ಟುಕೊಳ್ಳುವ ಏರ್ಪಾಡು ಅದು. ಮಗು ಮೂರು ತಿಂಗಳಲ್ಲಿ ಎಲ್ಲವನ್ನೂ ಕಲಸುಮೇಲೋಗರ ಮಾಡಿದರೂ ಒಂದು ಗುಂಡಿ ಒತ್ತಿದರೆ ಮೊದಲ ದಿನಕ್ಕೆ ಮರಳುತ್ತದೆ. ಆದರೆ ಎಚ್ಚರ: ಮರಳಿದಾಗ ಆ ಮೂರು ತಿಂಗಳಲ್ಲಿ ಮಗು ಒಳಗೆ ಬರೆದಿಟ್ಟ ಪ್ರಬಂಧಗಳೂ ಮಾಯವಾಗುತ್ತವೆ. ಬೈಗುಳಕ್ಕೆ ಅಳದ ಮಗು ಅದಕ್ಕೆ ಅಳುತ್ತದೆ. ಆದ್ದರಿಂದ ಹೊರಗಣಕದಲ್ಲಿ ಮಗುವಿನ ಹೆಸರಿನ ಒಂದು ಫೋಲ್ಡರು ಮಾಡಿ, ಅದನ್ನು "ಶೇರ್ಡ್ ಫೋಲ್ಡರ್" ಆಗಿ ಒಳಗಣಕಕ್ಕೆ ಜೋಡಿಸಿ, ಬರೆದದ್ದನ್ನೆಲ್ಲ ಅಲ್ಲಿಯೇ ಉಳಿಸುವ ಅಭ್ಯಾಸ ಮಾಡಿಸಿ. ಅಲ್ಲಿ ಉಳಿಸಿದ್ದಕ್ಕೆ ಸ್ನ್ಯಾಪ್‌ಶಾಟಿನಿಂದ ತೊಂದರೆಯಿಲ್ಲ. ಈ ಜೋಡಣೆಗೆ ಬೇಕಾದ "ಗೆಸ್ಟ್ ಅಡಿಷನ್ಸ್" ಎಂಬ ಭಾಗವನ್ನು ಕಟ್ಟುವವರೇ ಒಳಗೆ ಹಾಕಿ ಕೊಡಬೇಕು. ಹಾಕದೆ ಕೊಟ್ಟರೆ ವಾಪಸು ಕಳಿಸಿ.

ಕರೆಂಟು ಹೋಗುವುದು ನಮ್ಮ ಕಡೆ ಹೊಸತಲ್ಲ. ಕಿಟಕಿಯನ್ನು ಮುಚ್ಚಲು ಹೋದಾಗ ಮೂರು ಆಯ್ಕೆ ಕೇಳುತ್ತದೆ. "ಸೇವ್ ದ ಮಷೀನ್ ಸ್ಟೇಟ್" ಎಂಬುದನ್ನು ಆರಿಸಿದರೆ ಅರ್ಧ ಬರೆದ ವಾಕ್ಯವೂ ಸೇರಿ ಇದ್ದದ್ದು ಇದ್ದಂತೆಯೇ ನಿಲ್ಲುತ್ತದೆ, ಮತ್ತೆ ತೆರೆದಾಗ ಅಲ್ಲಿಂದಲೇ ಮುಂದುವರಿಯುತ್ತದೆ. "ಪವರ್ ಆಫ್" ಎಂಬುದು ಪ್ಲಗ್ಗು ಕಿತ್ತಂತೆ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪು ಇರುವವರು ಮಗುವಿಗೆ ಮೊದಲ ಪಾಠವಾಗಿ ಅರ್ಧ ಗಂಟೆಗೊಮ್ಮೆ ಉಳಿಸುವುದನ್ನೇ ಕಲಿಸಿ.

ಕೊನೆಯದಾಗಿ, ಕಡತವನ್ನು ಎಲ್ಲಿಂದ ತರುತ್ತೀರಿ ಎಂಬುದು. ಸಸಿಯನ್ನು ಗೊತ್ತಿಲ್ಲದವರ ಹತ್ತಿರ ಕೊಂಡರೆ ರೋಗವೂ ಜೊತೆಗೆ ಬರುತ್ತದೆ. ಸಿದ್ಧ ಒಳಗಣಕಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ, ಒಳಗೆ ಏನು ಹಾಕಿದ್ದಾರೆಂದು ಹೊರಗಿನಿಂದ ಕಾಣುವುದಿಲ್ಲ. ನಮ್ಮ ಶಾಲೆಯವರು ಕಟ್ಟಿದ್ದನ್ನೇ ಬಳಸಿ, ಅದರಲ್ಲಿಯೂ ಮಗುವಿನ ಪಾಠದ ಹೊರತು ಬ್ಯಾಂಕಿನ ಕೆಲಸ ಮಾಡಬೇಡಿ. ಕಟ್ಟಿದವರು ಕಡತದ ಜೊತೆಗೆ 64 ಅಕ್ಷರ-ಅಂಕಿಗಳ ಒಂದು ಸಾಲನ್ನು ಕೊಡಬೇಕು. ಇದಕ್ಕೆ ಶಾ-256 ಮೊತ್ತ ಎನ್ನುತ್ತಾರೆ. ನಿಮ್ಮ ಪ್ರತಿಯಿಂದ ಲೆಕ್ಕ ಹಾಕಿದ ಸಾಲು ಅದಕ್ಕೆ ಹೊಂದಿದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲ, ಯಾರೂ ತಿದ್ದಿಲ್ಲ. ಆ ಸಾಲನ್ನು ಶಾಲೆಯ ಫಲಕದ ಮೇಲೆ ಅಂಟಿಸಿದರೆ ಸಾಕು. ಮೊದಲ ಪಾಸ್‌ವರ್ಡನ್ನು ಮತ್ತು ಕಟ್ಟಿದ ತಾರೀಖನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಪೆನ್‌ಡ್ರೈವಿಗೆ ದಾರದಿಂದ ಕಟ್ಟಿ ಕೊಡಿ. ಇಲ್ಲದಿದ್ದರೆ ರಾತ್ರಿ ಒಂಬತ್ತರ ಮೇಲೆ ಎಲ್ಲರೂ ಮೇಷ್ಟ್ರಿಗೇ ಫೋನು ಮಾಡುತ್ತಾರೆ.